ನಾಲ್ಕೇ ದ್ರಾಕ್ಷಿ

ಆ ಮುಂಜಾನೆ ನನ್ನ ಬಳ್ಳಿಯಲ್ಲಿ ನಾಲ್ಕೇ ದ್ರಾಕ್ಷಿ ಹಣ್ಣಾಗಿದ್ದವು. ಹಿಂದಿನ ದಿನ ಇಪ್ಪತ್ತೆರಡು ಇದ್ದವು. ಹಂದರದ ಕೆಳಗೆ ಸ್ಟೂಲು ಹಾಕಿ ಹತ್ತಿ, ಎಲೆಗಳನ್ನು ಒಂದೊಂದಾಗಿ ಸರಿಸಿ ನೋಡಿದೆ. ಗೊಂಚಲುಗಳು ಬೇಕಾದಷ್ಟಿದ್ದವು, ಆದರೆ ಎಲ್ಲ ಹಸಿರು, ಗೋಲಿಯ ಹಾಗೆ ಗಟ್ಟಿ. ಐದನೆಯದೊಂದು ತುಸು ಕೆಂಪಗೆ ತಿರುಗಿದಂತೆ ಕಂಡಿತು. ಒತ್ತಿ ನೋಡಿದರೆ ಅದೂ ಕಲ್ಲೇ. ನಾಲ್ಕನ್ನೂ ಕಿತ್ತು ಬಾಯಿಗೆ ಹಾಕಿಕೊಂಡು, ಬೀದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಎರಡೂ ಕಡೆ ಕಣ್ಣಾಡಿಸಿ, ಸ್ಟೂಲು ಎತ್ತಿಕೊಂಡು ಒಳಗೆ ಬಂದೆ. ಐವತ್ತಮೂರು ವರ್ಷದಲ್ಲಿ ನನ್ನ ಮನೆಯ ಬಾಗಿಲಲ್ಲೇ ನಾನು ಕಳ್ಳಿಯಂತೆ ನಡೆದುಕೊಂಡದ್ದು ಅದೇ ಮೊದಲು.

ನಮ್ಮೂರಲ್ಲಿ ಹುಟ್ಟಿದವರಿಗೆಲ್ಲ ಒಂದೊಂದು ಬಳ್ಳಿ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಾಗಿಲ ಪಕ್ಕ ಒಂದು ಕಡ್ಡಿ ನೆಡುತ್ತಾರೆ. ಹೊರಗಿನಿಂದ ಬಂದು ನೆಲೆಸಿದವರಿಗೂ ಬಂದ ವಾರದಲ್ಲೇ ನೆಟ್ಟುಕೊಡುತ್ತೇವೆ. ಒಂಬತ್ತು ಜನರಿರುವ ಮನೆಗೆ ಒಂಬತ್ತು ಬಳ್ಳಿ. ಹಾಗಾಗಿ ನಮ್ಮ ಬೀದಿಗಳಲ್ಲಿ ಸುಡು ಮಧ್ಯಾಹ್ನವೂ ಕೊಡೆ ಬೇಕಾಗುವುದಿಲ್ಲ. ಮಳೆಗಾಲ ಚಳಿಗಾಲ ಎನ್ನದೆ ದಿನಾ ಮುಂಜಾನೆ ಆಯಾ ಬಳ್ಳಿಯಲ್ಲಿ ಆಯಾ ಮನುಷ್ಯನ ಪಾಲಿನಷ್ಟೇ ಹಣ್ಣಾಗುತ್ತವೆ. ಒಬ್ಬರದನ್ನು ಇನ್ನೊಬ್ಬರು ತಿಂದರೆ ಬರೀ ನೀರಿನ ರುಚಿ. ಬೀದಿಯಲ್ಲಿ ಎದುರಾದವರು ಊಟ ಆಯಿತೇ ಎಂದು ಕೇಳುವುದಿಲ್ಲ, ಇವತ್ತು ಎಷ್ಟು ಎಂದು ಕೇಳುತ್ತಾರೆ. ಸೊಸೆ ಬಸುರಿಯಾದ ಸುದ್ದಿಯನ್ನು ಅವಳು ಅತ್ತೆಗೆ ಹೇಳುವ ಮೊದಲೇ ಬಳ್ಳಿ ಓಣಿಗೆಲ್ಲ ಹೇಳಿಬಿಡುತ್ತದೆ, ಇಪ್ಪತ್ತಿದ್ದದ್ದು ಮೂವತ್ತಾಗಿ. ಸಂಬಂಧ ನೋಡಲು ಬಂದವರು ಮೊದಲು ಹಂದರ ನೋಡುತ್ತಾರೆ. ಹಿಂದೊಮ್ಮೆ ಒಂದು ಗಂಡಿನ ಕಡೆಯವರು ಹಸಿರು ಕಾಯಿಗಳಿಗೆ ನೇರಳೆ ಹಣ್ಣಿನ ರಸ ಬಳಿದು ಸಿಕ್ಕಿಬಿದ್ದರು. ಮದುವೆಯೇನೂ ಮುರಿಯಲಿಲ್ಲ, ಆದರೆ ಆ ಮನೆತನಕ್ಕೆ ಇಂದಿಗೂ ನೇರಳೆಯವರೆಂದೇ ಹೆಸರು.

ಹೆಚ್ಚು ಬಿಟ್ಟರೆ ಮನುಷ್ಯ ಗಟ್ಟಿ, ಕಡಿಮೆ ಬಿಟ್ಟರೆ ಬಳ್ಳಿ ಅವನನ್ನು ಕೈಬಿಡುತ್ತಿದೆ ಎಂದು ನಮ್ಮೂರಿನ ಲೆಕ್ಕ. ಅದಕ್ಕೆ ತಕ್ಕ ಒಂದು ಕಟ್ಟಳೆಯೂ ಇತ್ತು. ಹತ್ತರ ಕೆಳಗೆ ಇಳಿದವರು ದುಡಿಯಬಾರದು. ಹಿರಿಯರು ಬಂದು ಕೈಯಲ್ಲಿದ್ದ ಕೆಲಸ ಬಿಡಿಸಿ, ಚಾವಡಿಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸುತ್ತಿದ್ದರು. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ. ಇನ್ನು ಉಳಿದ ದಿನಗಳಲ್ಲಾದರೂ ಸುಖವಾಗಿರಲಿ ಎಂದು ಮನೆಮನೆಯಿಂದ ಸಿಹಿ ತಂದು ಬಾಯಿಗಿಡುತ್ತಿದ್ದರು. ಕಟ್ಟೆ ಹತ್ತಿದವರು ಯಾರೂ ಬಹಳ ದಿನ ಬಾಳುತ್ತಿರಲಿಲ್ಲ. ನೋಡಿ, ಬಳ್ಳಿ ಹೇಳಿದ್ದು ಸುಳ್ಳಾಯಿತೇ ಎಂದು ಜನ ತಲೆಯಾಡಿಸುತ್ತಿದ್ದರು. ನನ್ನ ಗಂಡ ಗೌಂಡಿ ಕೆಲಸದವರು, ಊರಿನ ಅರ್ಧ ಗೋಡೆಗಳನ್ನು ಎಬ್ಬಿಸಿದವರು. ಅವರದು ಏಳಕ್ಕೆ ಇಳಿದಾಗ ಕಟ್ಟೆ ಹತ್ತಿಸಿದರು. ಆಮೇಲೆ ಬದುಕಿದ್ದು ಹನ್ನೊಂದೇ ತಿಂಗಳು. ಅಷ್ಟೂ ದಿನ ನಾನೇ ನನ್ನ ಕೈಯಾರೆ ಗೋದಿ ಹುಗ್ಗಿ ಮಾಡಿ, ಬೆಲ್ಲ ಕೈಬಿಚ್ಚಿ ಹಾಕಿ, ಒಯ್ದು ತಿನ್ನಿಸಿದೆ.

ನಾನು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ನೂರಾ ನಲವತ್ತು ಮಕ್ಕಳು. ನನ್ನ ಸಾರು ಇನ್ನೂ ಕುದಿಯುತ್ತಿರುವಾಗಲೇ ನಾಲ್ಕನೇ ಇಯತ್ತೆಯವರ ಲೆಕ್ಕ ತಪ್ಪಲು ಶುರುವಾಗುತ್ತದೆ ಎಂದು ಮಾಸ್ತರರೇ ಹೇಳುತ್ತಿದ್ದರು. ಗಂಡ ಹೋದಮೇಲೆ ನನ್ನನ್ನು ಎತ್ತಿ ನಿಲ್ಲಿಸಿದ್ದು ಆ ಕೊಪ್ಪರಿಗೆ, ಆ ಸೌಟು. ಅದು ನನ್ನ ಕೈಯಿಂದ ಹೋಗುತ್ತದೆ ಎಂದು ಯೋಚಿಸಿದರೆ ಸಾವಿಗಿಂತ ಮೊದಲು ಆ ಯೋಚನೆಯೇ ನನ್ನನ್ನು ಕೊಂದುಬಿಡುವಂತಿತ್ತು.

ಎರಡನೆಯ ದಿನವೂ ನಾಲ್ಕೇ. ಮೂರನೆಯ ದಿನವೂ ನಾಲ್ಕೇ. ಆಗ ಕೂತು ನೆನಪು ಮಾಡಿಕೊಂಡೆ, ಮೈಯಲ್ಲಿ ಏನೇನು ಆಗುತ್ತಿತ್ತು ಎಂದು. ಕೆಲವು ತಿಂಗಳಿಂದ ಬಾಯಿ ಒಣಗುತ್ತಿತ್ತು, ಒಂದು ಬಿಂದಿಗೆ ನೀರು ಒಬ್ಬಳೇ ಮುಗಿಸುತ್ತಿದ್ದೆ. ಅಂಗಾಲು ಉರಿಯುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಮುಂಗೈಗೆ ಬಿಸಿ ಸಾರು ಸಿಡಿದು ಆದ ಗಾಯ ತಿಂಗಳಾದರೂ ಮಾಯ್ದಿರಲಿಲ್ಲ. ವಯಸ್ಸಾಯಿತು ಎಂದುಕೊಂಡಿದ್ದೆ. ಬಳ್ಳಿ ಹಾಗೆ ಅಂದುಕೊಂಡಿರಲಿಲ್ಲ ಅಂತ ಕಾಣುತ್ತದೆ.

ನಾಲ್ಕನೆಯ ದಿನ ಎದುರು ಮನೆಯವಳು ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡೇ ನನ್ನ ಬಳ್ಳಿ ನೋಡುತ್ತ ನಿಂತಳು. ಅವಳೇನೂ ಕೇಳಲಿಲ್ಲ. ಸಂಜೆ ಒಂದು ಬಟ್ಟಲು ಶಾವಿಗೆ ಪಾಯಸ ತಂದುಕೊಟ್ಟಳು. ಅಲ್ಲಿಗೆ ನನಗೆ ಗೊತ್ತಾಯಿತು, ಸುದ್ದಿ ಚಾವಡಿ ಮುಟ್ಟಿದೆ.

ಮರುದಿನ ನನ್ನ ಅಣ್ಣ ಈರಸಂಗಪ್ಪ ಹೆಡ್‌ಮಾಸ್ತರರನ್ನು ಕರೆದುಕೊಂಡು ಶಾಲೆಯ ಅಡುಗೆಮನೆಗೇ ಬಂದ. ಅಣ್ಣ ಊರಿನ ಹಿರಿಯ. ಅವನನ್ನು ಯಾರೂ ಆರಿಸಿದ್ದಲ್ಲ. ಯಾರದು ಎಲ್ಲರಿಗಿಂತ ಹೆಚ್ಚೋ ಅವರೇ ಹಿರಿಯರು. ಅಣ್ಣನದು ದಿನಕ್ಕೆ ಅರವತ್ತಮೂರು. ಎಂಟು ವರ್ಷದ ಹಿಂದೆ ನಲವತ್ತು ಇದ್ದದ್ದು ಏರುತ್ತ ಏರುತ್ತ ಅಲ್ಲಿಗೆ ಮುಟ್ಟಿತ್ತು. ಮುಂಜಾನೆ ಅವನ ಬಾಗಿಲ ಮುಂದೆ ಹತ್ತು ಜನ ನಿಂತು ಅವನು ಹಣ್ಣು ಕಿತ್ತು ತಿನ್ನುವುದನ್ನು ನೋಡುತ್ತಿದ್ದರು. ಅವನು ಒಂದೊಂದನ್ನೇ ಎತ್ತಿ ತೋರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ದುಂಡವ್ವಾ" ಎಂದ ಅಣ್ಣ. ಒಲೆಯ ಮುಂದಿನ ಮಣೆಯ ಮೇಲೆ ಕೂತ. "ನಾಲ್ಕಂತಲ್ಲ."

"ಹೌದಣ್ಣಾ, ನಾಲ್ಕು."

"ಯಾಕ ಹೇಳಲಿಲ್ಲ ನಂಗ?"

"ಹೇಳಿದ್ರ ನೀ ಏನ್ ಮಾಡ್ತಿದ್ದಿ? ಈಗ ಮಾಡಾಕ ಬಂದಿದ್ದ ನಾಲ್ಕ್ ದಿನಾ ಮೊದಲ ಮಾಡ್ತಿದ್ದಿ."

ಹೆಡ್‌ಮಾಸ್ತರರು ಗೋಡೆ ನೋಡುತ್ತ ನಿಂತರು. ಅಣ್ಣ ತಲೆ ತಗ್ಗಿಸಿ ಹಣೆ ಒತ್ತಿಕೊಂಡ. ಅವನಿಗೆ ಆ ಅಭ್ಯಾಸವಿತ್ತು, ಮುಂಜಾನೆ ಹೊತ್ತು ಹಣೆ ಒತ್ತಿಕೊಳ್ಳುವುದು. "ತಂಗಿ, ಇದು ನಾ ಮಾಡಿದ ಕಟ್ಟಳೆ ಅಲ್ಲ. ನಿಮ್ಮ ಮಾವನೋರಿಗೂ ಬಿಡಲಿಲ್ಲ, ನಿನ್ನ ಗಂಡಗೂ ಬಿಡಲಿಲ್ಲ. ನಿಂಗ ಬಿಟ್ರ ನಾಳೆ ಜನಾ ನನ್ನ ಮುಖಾ ನೋಡ್ತಾರೇನು? ಕಟ್ಟಿ ಮ್ಯಾಲ ನೆಳ್ಳಾಗ ಕುಂದ್ರು. ನಿಮ್ಮ ವೈನಿ ದಿನಾ ಬುತ್ತಿ ತರ್ತಾಳ. ನೀ ಯಾರ ಮುಂದ ಕೈ ಒಡ್ಡೂದು ಬ್ಯಾಡ."

"ನನ್ನ ಕೈಯಾಗ ಸೌಟು ಹಿಡಿಯೂ ಶಕ್ತಿ ಐತಿ, ನೋಡು" ಎಂದು ಇಪ್ಪತ್ತು ಸೇರಿನ ಕೊಪ್ಪರಿಗೆಯನ್ನು ಹಿಡಿದು ಒಲೆಯಿಂದ ಇಳಿಸಿದೆ. ಒಂದು ಹನಿ ಚೆಲ್ಲಲಿಲ್ಲ.

ಅಣ್ಣನ ಕಣ್ಣು ತುಂಬಿತು. ಅವನು ಕಟುಕನಲ್ಲ. "ಸೋಮವಾರದತನಕ ಮಾಡು" ಎಂದ. "ಸೋಮವಾರ ಊರಮಂದಿ ಸೇರ್ತೈತಿ. ಅಷ್ಟರೊಳಗ ಹತ್ತು ಆದ್ರ ಸೈ. ಇಲ್ಲಂದ್ರ ನೀನಾ ಬಂದು ಸೌಟು ಕೆಳಗಿಡಬೇಕು."

ಅವತ್ತು ಬುಧವಾರ.

ಊರಿನ ದವಾಖಾನೆಗೆ ಡಾಕ್ಟರ್ ಶಾಹಿದಾ ಬಂದು ವರ್ಷವಾಗಿತ್ತು. ಜನ ಜ್ವರಕ್ಕೆ, ಹಲ್ಲುನೋವಿಗೆ, ಚೇಳು ಕಡಿದರೆ ಹೋಗುತ್ತಿದ್ದರು. ಬಳ್ಳಿ ಇಳಿದರೆ ದವಾಖಾನೆಗೆ ಹೋಗುವ ರೂಢಿ ಯಾರಿಗೂ ಇರಲಿಲ್ಲ. ಬಳ್ಳಿ ಹೇಳಿದ ಮೇಲೆ ಡಾಕ್ಟರು ಏನು ಹೇಳುವುದು? ಆ ಹೆಣ್ಣುಮಗಳ ಬಳ್ಳಿಯೂ ದವಾಖಾನೆಯ ಕಂಬಕ್ಕೆ ಹಬ್ಬಿತ್ತು. ಆದರೆ ಅವರು ಎಣಿಸುತ್ತಿರಲಿಲ್ಲ. ಬಂದು ಹೋಗುವಾಗ ಕಣ್ಣಿಗೆ ಬಿದ್ದದ್ದನ್ನು ಕಿತ್ತು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಊರಿನಲ್ಲಿ ತನ್ನದು ಎಷ್ಟೆಂದು ಗೊತ್ತಿಲ್ಲದ ಮನುಷ್ಯ ಅವರೊಬ್ಬರೇ. ಅದಕ್ಕೇ ನನಗೆ ಅವರ ಹತ್ತಿರ ಹೋಗಲು ಧೈರ್ಯ ಬಂತು.

ಅವತ್ತೇ ಸಂಜೆ ಹೋದೆ. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡರು. ನಾಲ್ಕು ದ್ರಾಕ್ಷಿಯ ಮಾತಿಗೆ ನಗಲಿಲ್ಲ. ಮುಂಗೈ ಗಾಯ ತಿರುಗಿಸಿ ನೋಡಿ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಮರುದಿನ ಖಾಲಿ ಹೊಟ್ಟೆಯಲ್ಲಿ ಕರೆಸಿ ಮತ್ತೆ ತೆಗೆದರು. ಆಮೇಲೆ ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ದುಂಡವ್ವನವರೇ, ನಿಮಗೆ ಸಕ್ಕರೆ ಕಾಯಿಲೆ ಇದೆ. ಇರಬೇಕಾದ್ದಕ್ಕಿಂತ ಎರಡು ಪಟ್ಟು ಮೇಲಿದೆ."

"ಸಾಯ್ತೀನೇನ್ರಿ?"

"ಎಲ್ಲರೂ ಸಾಯುತ್ತಾರೆ. ಇದಕ್ಕಾಗಿ ಈಗಲೇ ಸಾಯಬೇಕಾಗಿಲ್ಲ. ಮಾತ್ರೆ ಕೊಡುತ್ತೇನೆ. ಊಟದ ರೀತಿ ಬದಲಾಗಬೇಕು, ದಿನಾ ನಡೆಯಬೇಕು. ನಿಮ್ಮ ಗಾಯ ಮಾಯುತ್ತದೆ, ಕಣ್ಣು ತಿಳಿಯಾಗುತ್ತದೆ. ಕೆಲಸ ಮಾತ್ರ ಬಿಡಬೇಡಿ. ಕೂತರೆ ಇದು ಹೆಚ್ಚಾಗುತ್ತದೆ."

ದ್ರಾಕ್ಷಿ ತಿನ್ನಲೋ ಬಿಡಲೋ ಎಂದು ಕೇಳಿದೆ. ಅವರು ಎದ್ದು ಹೊರಗೆ ಹೋಗಿ ತಮ್ಮ ಬಳ್ಳಿಯಿಂದ ಒಂದು ಹಣ್ಣು ಕಿತ್ತು ತಂದು ಅಂಗೈ ಮೇಲೆ ಇಟ್ಟುಕೊಂಡು, ಮಕ್ಕಳಿಗೆ ತೋರಿಸುವ ಹಾಗೆ ತೋರಿಸಿದರು. "ಇದು ಒಳ್ಳೆಯ ಹಣ್ಣು. ಐದು ಪಾಲಿನಲ್ಲಿ ನಾಲ್ಕು ಪಾಲು ನೀರೇ ಇದೆ, ಬಿಸಿಲಿನ ಊರಿಗೆ ಹೇಳಿ ಮಾಡಿಸಿದ್ದು. ಈ ಕಪ್ಪು ಸಿಪ್ಪೆ ಇದೆಯಲ್ಲ, ಇದರ ಬಣ್ಣದಲ್ಲೇ ರಕ್ತನಾಳಗಳಿಗೆ, ಹೃದಯಕ್ಕೆ ಒಳ್ಳೆಯದಾದ ಅಂಶಗಳಿವೆ. ನಿಮ್ಮೂರಿನ ಅರ್ಧ ಜನ ಸಿಪ್ಪೆ ಉಗುಳುತ್ತಾರೆ, ಒಳ್ಳೆಯದನ್ನು ಉಗುಳಿ ಸಿಹಿಯನ್ನು ನುಂಗುತ್ತಾರೆ. ನಾವು ತಿನ್ನುವ ಉಪ್ಪು ರಕ್ತದ ಒತ್ತಡ ಏರಿಸುತ್ತದೆ. ಅದನ್ನು ತಗ್ಗಿಸಲು ಬೇಕಾದ ಪೊಟ್ಯಾಶಿಯಂ ಇದರಲ್ಲಿದೆ. ಹೊಟ್ಟೆ ಸಲೀಸಾಗಲು ನಾರಿದೆ. ಆದರೆ ಸಕ್ಕರೆಯೂ ಇದೆ, ನೇರವಾಗಿ ರಕ್ತಕ್ಕೆ ಇಳಿಯುವ ಸಕ್ಕರೆ. ಗಟ್ಟಿ ಇದ್ದವರು ಒಂದು ಹಿಡಿ ತಿಂದರೆ ಲಾಭ. ನಿಮ್ಮ ಈಗಿನ ಸ್ಥಿತಿಯಲ್ಲಿ ಒಂದು ಬುಟ್ಟಿ ತಿಂದರೆ ಕಷ್ಟ. ಪೂರ್ತಿ ಬಿಡುವುದು ಬೇಡ. ನಾಲ್ಕೈದು ತಿನ್ನಿ, ಊಟದ ಜೊತೆಗೆ, ಚೆನ್ನಾಗಿ ಅಗಿದು."

"ಎಷ್ಟಂದ್ರಿ?"

"ನಾಲ್ಕೈದು" ಎಂದವರು ಅಲ್ಲೇ ನಿಂತುಬಿಟ್ಟರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಬಸುರಿಗೆ ಹೆಚ್ಚು ಬಿಡುತ್ತದೆ. ಬಿಸಿಲು ಏರಿದರೆ ಮಕ್ಕಳಿಗೆ ಹೆಚ್ಚು ಬಿಡುತ್ತದೆ. ಬಾಣಂತಿಗೆ, ಜ್ವರ ಬಿಟ್ಟು ಎದ್ದವನಿಗೆ ಹೆಚ್ಚು ಬಿಡುತ್ತದೆ. ಇವರೆಲ್ಲ ಊರಿನ ಗಟ್ಟಿಗರೇ? ಹುಟ್ಟಿದಾಗಿನಿಂದ ಕಣ್ಣೆದುರು ಇದ್ದದ್ದನ್ನು ಒಂದು ದಿನವೂ ಯಾರೂ ಹೀಗೆ ಜೋಡಿಸಿ ನೋಡಿರಲಿಲ್ಲ. ಬಳ್ಳಿ ನಮ್ಮ ಶಕ್ತಿ ಅಳೆಯುತ್ತಿರಲಿಲ್ಲ. ಯಾರ ಮೈಗೆ ಎಷ್ಟು ಬೇಕು, ಎಷ್ಟು ತಡೆಯುತ್ತದೆ ಎಂದು ನೋಡಿ ಕೊಡುತ್ತಿತ್ತು, ತಾಯಿ ಬಡಿಸುವ ಹಾಗೆ.

ಇದನ್ನು ಹೇಳಿದರೆ ಡಾಕ್ಟರಬಾಯಿ ಮಾತ್ರ ಒಪ್ಪಲಿಲ್ಲ. "ಬಳ್ಳಿಯ ಮನಸ್ಸು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ರಕ್ತ" ಎಂದರು. ನಾನು ಎದ್ದು ಹೊರಟವಳು ಬಾಗಿಲಲ್ಲಿ ನಿಂತೆ. ನಮ್ಮ ಮನೆಯವರಿಗೂ ಬಾಯಿ ಒಣಗುತ್ತಿತ್ತು. ಅವರ ಕಾಲಿನ ಹುಣ್ಣೂ ಮಾಯ್ದಿರಲಿಲ್ಲ. ಬಳ್ಳಿ ಅವರಿಗೆ ಏಳು ಎಂದು ಹೇಳಿತ್ತು. ನಾನು ಹುಗ್ಗಿ ತಿನ್ನಿಸಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಡಾಕ್ಟರಬಾಯಿ ಏನೆಂದು ಕೇಳಿದರು, ಹೇಳಿದೆ. ಅವರು ನನ್ನ ಪಕ್ಕದಲ್ಲಿ ನೆಲದ ಮೇಲೇ ಕೂತು, "ನಿಮಗೆ ಗೊತ್ತಿರಲಿಲ್ಲ" ಎಂದರು, ಎರಡು ಸಲ. ಅದಕ್ಕಿಂತ ಹೆಚ್ಚು ಯಾರು ಏನು ಹೇಳಲು ಸಾಧ್ಯ? ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನು ಈ ಊರಿನಲ್ಲಿ ಯಾರನ್ನೂ ಆ ಕಟ್ಟೆಯ ಮೇಲೆ ಕೂರಲು ಬಿಡುವುದಿಲ್ಲ ಎಂದುಕೊಂಡೆ.

ಗುರುವಾರದಿಂದಲೇ ಮಾತ್ರೆ ಶುರು ಮಾಡಿದೆ. ಅನ್ನ ಅರ್ಧ ಮಾಡಿ ಜೋಳದ ರೊಟ್ಟಿ, ಪಲ್ಯ, ಹೆಸರುಕಾಳು ಹೆಚ್ಚು ಮಾಡಿದೆ. ಮುಂಜಾನೆ ಕೆರೆಯ ಏರಿಯವರೆಗೆ ನಡೆದುಹೋಗಿ ಬಂದೆ. ನಾಲ್ಕು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಅಗಿದು ಅಗಿದು ತಿಂದೆ. ಅಷ್ಟು ರುಚಿಯಾಗಿ ಹಿಂದೆಂದೂ ತಿಂದಿರಲಿಲ್ಲ. ಆದರೆ ಮೈಯೇನು ಮಂತ್ರಕ್ಕೆ ಬಗ್ಗುತ್ತದೆಯೇ? ಸೋಮವಾರ ಮುಂಜಾನೆ ಬಳ್ಳಿಯಲ್ಲಿ ಇದ್ದದ್ದು ಐದು. ಹತ್ತು ತೋರಿಸಿ ಗೆಲ್ಲುವ ದಾರಿ ಇರಲಿಲ್ಲ. ಬಾಯಿಯಿಂದಲೇ ಗೆಲ್ಲಬೇಕಿತ್ತು.

ಅಷ್ಟರಲ್ಲಿ ನನ್ನ ತಲೆಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ನನ್ನದು ನಾಲ್ಕಾಗಲು ಕಾರಣವಿದ್ದರೆ, ಅಣ್ಣನದು ಅರವತ್ತಮೂರಾಗಲೂ ಕಾರಣವಿರಬೇಕಲ್ಲ? ಡಾಕ್ಟರಬಾಯಿ ಉಪ್ಪಿನ ಮಾತು ಹೇಳಿದ್ದರು. ಅಣ್ಣ ಮಜ್ಜಿಗೆಗೆ ಹಿಡಿ ಉಪ್ಪು ಹಾಕಿಕೊಳ್ಳುವವನು. ಮುಂಜಾನೆ ಹಣೆ ಒತ್ತಿಕೊಳ್ಳುತ್ತಾನೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಶನಿವಾರ ಹೋಗಿ ದವಾಖಾನೆಗೆ ಬಾ ಎಂದೆ. "ಅರವತ್ತಮೂರರಂವ ದವಾಖಾನಿ ಮೆಟ್ಟಲಾ ಹತ್ತಿದ್ರ ಊರ ನಗತೈತಿ" ಎಂದು ನನಗೆ ಚಹಾ ಕುಡಿಸಿ ಕಳಿಸಿದ.

ಸೋಮವಾರ ಶಾಲೆಯ ಬಯಲಿನಲ್ಲಿ ಊರಮಂದಿ ಸೇರಿದರು. ಅಣ್ಣ ಕುರ್ಚಿಯ ಮೇಲೆ ಕೂತಿದ್ದ. ಮುಂದೆ ಒಂದು ಮೇಜು, ಸೌಟು ಇಡುವುದಕ್ಕೆ. ನಾನು ಸೌಟು ಹಿಡಿದುಕೊಂಡೇ ಹೋದೆ. ನನ್ನ ಹಿಂದೆ ಡಾಕ್ಟರಬಾಯಿ ತಮ್ಮ ಚೀಲ ಹಿಡಿದುಕೊಂಡು ಬಂದರು. ಬನ್ನಿ ಎಂದು ನಾನೇ ಕೇಳಿಕೊಂಡಿದ್ದೆ.

"ಎಷ್ಟು?" ಎಂದು ಕೇಳಿದ ಅಣ್ಣ, ಕಟ್ಟಳೆಯ ಪ್ರಕಾರ.

"ಐದು" ಎಂದೆ, ಎಲ್ಲರಿಗೂ ಕೇಳುವಂತೆ. ಗುಂಪಿನಲ್ಲಿ ಅಯ್ಯೋ ಎಂಬ ಉಸಿರು. "ಹೋದ ವಾರ ನಾಲ್ಕಿತ್ತು, ಈಗ ಐದು. ಯಾಕಂತ ಕೇಳ್ರಿ. ನನಗ ಸಕ್ಕರಿ ಜಡ್ಡು ಐತಿ. ಸಿಹಿ ತಡಿಯೂದಿಲ್ಲ ನನ್ನ ಮೈಯಿ. ಅದು ಬಳ್ಳಿಗೆ ನಮಗಿಂತ ಮೊದಲ ಗೊತ್ತಾಗೇತಿ, ಅದಕ್ಕ ಹಣ್ಣ ಕಡಿಮಿ ಮಾಡೇತಿ. ಕೈ ಬಿಟ್ಟಿಲ್ಲ ಅದು. ನಾವಾ ಕೈ ಬಿಟ್ಟೇವಿ! ಏಳು ಬಿಟ್ಟಂವಗ ಕಟ್ಟಿ ಮ್ಯಾಲ ಕುಂದ್ರಿಸಿ ಹುಗ್ಗಿ ತಿನ್ನಿಸಿ ಕೊಂದೇವಿ. ನಾನೂ ಕೊಂದೇನಿ, ನನ್ನ ಗಂಡನ್ನ."

ಅಣ್ಣನ ಮುಖ ಕೆಂಪಾಯಿತು. "ದುಂಡವ್ವಾ, ಮಾತು ಸಾಕು. ಹೆಚ್ಚು ಬಿಟ್ಟಂವ ಗಟ್ಟಿ ಅನ್ನೂದು ನಮ್ಮ ಅಜ್ಜಂದಿರ ಕಾಲದ್ದು."

"ಹಂಗಾದ್ರ ನಿನಗಿಂತ ಗಟ್ಟಿ ಈ ಊರಾಗ ಯಾರಿಲ್ಲ, ಹೌದಲ್ಲೋ? ಡಾಕ್ಟರಬಾಯಿ ಕೈಯಾಗ ಬಿಪಿ ನೋಡೂ ಮಶೀನ ಐತಿ. ಒಂದ್ ಸಲ ನಿನ್ನ ತೋಳ ಕೊಡು. ನೀ ಗಟ್ಟಿ ಅಂತ ಬಂದ್ರ ಈ ಸೌಟು ಇಲ್ಲೇ ಇಟ್ಟು ನಡ್ಕೊಂತ ಹೋಗಿ ಕಟ್ಟಿ ಮ್ಯಾಲ ಕುಂದರ್ತೀನಿ. ಒಂದ್ ಮಾತ ಆಡೂದಿಲ್ಲ."

ಅಣ್ಣ ನಕ್ಕ. ಜನರೂ ನಕ್ಕರು. ಅಂಗಿಯ ತೋಳು ಮೇಲೇರಿಸಿ ಮೇಜಿನ ಮೇಲೆ ಕೈ ಇಟ್ಟ. ಆ ತೋಳು ನೋಡಿದರೆ ಯಾರಿಗಾದರೂ ನಂಬಿಕೆ ಬರಬೇಕು, ಅಂಥ ತೋಳು. ಡಾಕ್ಟರಬಾಯಿ ಪಟ್ಟಿ ಸುತ್ತಿ ಗಾಳಿ ಊದಿದರು. ಇಳಿಸಿದರು. ಮತ್ತೊಮ್ಮೆ ಊದಿದರು. ಮೂರನೆಯ ಸಲ ಇನ್ನೊಂದು ಕೈಗೆ ಸುತ್ತಿದರು. ಆಮೇಲೆ ಅಣ್ಣನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಹೇಳಿದರು.

"ಗಟ್ಟಿ ಹೇಳ್ರಿ" ಎಂದ ಅಣ್ಣ.

"ಇನ್ನೂರರ ಹತ್ತಿರ ಇದೆ. ನೂರಿಪ್ಪತ್ತು, ನೂರಾ ಮೂವತ್ತು ಇರಬೇಕಾದ್ದು. ನೀವು ಈಗಲೇ ನನ್ನ ಜೊತೆ ದವಾಖಾನೆಗೆ ಬರಬೇಕು. ಹೀಗೇ ಬಿಟ್ಟರೆ ಒಂದು ದಿನ ಒಂದು ಕಡೆಯ ಕೈಕಾಲು ಬಿದ್ದುಹೋಗಬಹುದು."

ನಾನು ಗೆದ್ದೆ. ಆದರೆ ಅಣ್ಣನ ಮುಖ ನೋಡಿ ಗೆದ್ದದ್ದು ಬೇಡವಾಯಿತು. ಅವನು ತೋಳು ಇಳಿಸಿಕೊಂಡು ಎದ್ದ. ದವಾಖಾನೆಯ ಕಡೆಗೆ ಹೋಗಲಿಲ್ಲ. ನನ್ನ ಮುಖವನ್ನೂ ನೋಡದೆ ನೆಟ್ಟಗೆ ಮನೆಗೆ ನಡೆದ. ಜನ ಅವನಿಗೆ ದಾರಿ ಬಿಟ್ಟರು, ಎಂದಿನಂತೆ. ಆದರೆ ಯಾರೂ ಕೈ ಮುಗಿಯಲಿಲ್ಲ.

ಮರುದಿನ ಮಕ್ಕಳ ಊಟ ಮುಗಿದ ಮೇಲೆ ಅಣ್ಣನ ಮನೆಗೆ ಹೋದೆ. ವೈನಿ, ಅಣ್ಣನ ಹೆಂಡತಿ, ಬಾಗಿಲಲ್ಲೇ ಸಿಕ್ಕಳು. "ನಿನ್ನೆಯಿಂದ ಯಾರ ಕೂಡಾನೂ ಮಾತಿಲ್ಲ. ಮುಂಜಾನೆ ಬಾಗಲಾ ತೆಗೆದಿಲ್ಲ. ಹಣ್ಣು ಬಳ್ಳ್ಯಾಗ ಹಂಗಾ ಅದಾವ" ಎಂದಳು. ಒಳಗೆ ಹೋದೆ. ಅಣ್ಣ ಗೋಡೆಗೆ ಒರಗಿ ಕೂತಿದ್ದ.

"ಮಂದಿ ಮುಂದ ನನ್ನ ಮಾನಾ ಕಳದಿ" ಎಂದ.

"ಕಳದೆ" ಎಂದೆ. "ಮನ್ಯಾಗ ಹೇಳಿದ್ದೆ, ನೀ ಕೇಳಲಿಲ್ಲ. ಗಂಡನ್ನ ಕಳಕೊಂಡೆ ಸುಮ್ಮನಿದ್ದು. ಅಣ್ಣನ್ನ ಕಳಕೋಳ್ಳಾಕ ನಾ ತಯಾರಿಲ್ಲ. ಮಾನಾ ಹೋದ್ರ ಹೋಗ್ಲಿ."

ಅವನು ನನಗೆ ಮಾತ್ರ ಕೇಳುವಂತೆ ಹೇಳಿದ. "ನಂಗ ಗೊತ್ತಿತ್ತು, ತಂಗಿ. ಏನೋ ಸರಿ ಇಲ್ಲ ಅಂತ ಮೂರ್ ವರ್ಷದಿಂದ ಗೊತ್ತೈತಿ. ತಲಿ ಸಿಡೀತೈತಿ. ಕಣ್ಣಿಗೆ ಕತ್ಲಿ ಬರ್ತೈತಿ. ಮುಂಜಾನೆ ಹಣ್ಣ ನೋಡಿದ್ರ ಹೊಟ್ಟಿ ತೊಳಸ್ತೈತಿ. ಅರವತ್ತಮೂರು ತಿನ್ನೂದಂದ್ರ ಏನ ತಮಾಷೇನು? ಆದ್ರ ಬಾಗಲಾ ತೆಗೆದ್ರ ಹತ್ತ್ ಮಂದಿ ನಿಂತಿರ್ತಾರ. ಅವರಿಗೆ ನಾ ಗಟ್ಟಿ ಇರಬೇಕು. ನನಗ ಜಡ್ಡು ಬರೂ ಹಂಗಿಲ್ಲ."

ನನ್ನ ಅಣ್ಣ ಅಷ್ಟು ಸಣ್ಣವನಾಗಿ ಕಂಡದ್ದು ಅದೊಂದೇ ದಿನ. ನಾನು ಅವನ ಪಕ್ಕದಲ್ಲಿ ಕೂತೆ. "ಬಳ್ಳಿ ಎಂಟ್ ವರ್ಷದಿಂದ ಕೂಗಾಕತ್ತೈತಿ ಅಣ್ಣಾ, ಇವಗ ಬೇಕು, ಇವಗ ಬೇಕು ಅಂತ. ನಾವು ಚಪ್ಪಾಳಿ ತಟ್ಟಿದ್ವಿ. ನಡಿ. ಹಿಂದಿನ ಬಾಗಲಾಗಿಂದ ಹೋಗೂಣೇನು?"

ಅವನು ಮುಖ ತೊಳೆದುಕೊಂಡ. ರುಮಾಲು ಸುತ್ತಿಕೊಂಡ. "ಮುಂದಿನ ಬಾಗಲಾಗಿಂದಾನ ಹೋಗೂಣು" ಎಂದ. ಮಧ್ಯಾಹ್ನದ ಹೊತ್ತು, ಓಣಿಯವರೆಲ್ಲ ಹಂದರದ ನೆರಳಿನಲ್ಲಿ ಕೂತಿದ್ದರು. ಅಣ್ಣ ಎಲ್ಲರ ಮುಂದೆಯೂ ನಿಧಾನವಾಗಿ ನಡೆದ. ಯಾರೋ ಎಲ್ಲಿಗೆ ಎಂದು ಕೇಳಿದರು. "ದವಾಖಾನಿಗೆ. ನನಗ ಬಿಪಿ ಐತಂತ. ನೀವೂ ಒಮ್ಮೆ ತೋರಿಸ್ರಿ" ಎಂದ, ಮಳೆ ಬರುವಂತಿದೆ ಎನ್ನುವಷ್ಟೇ ಸರಾಗವಾಗಿ.

ಅವತ್ತು ಸಂಜೆಯ ಹೊತ್ತಿಗೆ ದವಾಖಾನೆಯ ಮುಂದೆ ಇಪ್ಪತ್ತು ಜನ ನಿಂತಿದ್ದರು.

ಅಣ್ಣನಿಗೆ ಮಾತ್ರೆ ಬಂತು, ಉಪ್ಪು ಹೋಯಿತು. ಉಪ್ಪಿಗಾಗಿ ಅವನು ವೈನಿಯ ಜೊತೆ ಮಾಡಿದ ಜಗಳ ಬರೆದರೆ ಅದೇ ಒಂದು ಪುರಾಣವಾದೀತು. ನಾಲ್ಕು ತಿಂಗಳಲ್ಲಿ ಅವನ ಬಳ್ಳಿ ಐವತ್ತಕ್ಕೆ, ಆಮೇಲೆ ಮೂವತ್ತಕ್ಕೆ, ಕೊನೆಗೆ ಇಪ್ಪತ್ತಕ್ಕೆ ಇಳಿಯಿತು. ಇಳಿದಾಗಲೆಲ್ಲ ಅವನೇ ಬೀದಿಗೆ ಕೂಗಿ ಹೇಳುತ್ತಿದ್ದ. ಹಾಗಾದರೆ ಇನ್ನು ಹಿರಿಯ ಯಾರು ಎಂದು ಜನ ಕೇಳಿದರು. ಅದಕ್ಕೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ಈಗ ಚಾವಡಿಯಲ್ಲಿ ಮಾತು ಜಾಸ್ತಿ, ತೀರ್ಮಾನ ತಡ. ಹತ್ತರ ಕಟ್ಟಳೆ ಮಾತ್ರ ಆಗಲೇ ಬಿದ್ದುಹೋಗಿತ್ತು. ಕಟ್ಟೆಯ ಮೇಲಿದ್ದ ಆರು ಜನರಲ್ಲಿ ನಾಲ್ವರಿಗೆ ನನ್ನದೇ ಜಡ್ಡು. ಮೂವರು ಕೆಲಸಕ್ಕೆ ಮರಳಿದರು. ಒಬ್ಬರು ಮರಳಲಿಲ್ಲ, ತಡವಾಗಿತ್ತು. ಇನ್ನಿಬ್ಬರಿಗೆ ಬೇರೆ ಏನೋ ತೊಂದರೆ, ಡಾಕ್ಟರಬಾಯಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಳ್ಳಿಯ ವಿಷಯದಲ್ಲಿ ನನಗೂ ಅವರಿಗೂ ಇವತ್ತಿಗೂ ಜಗಳ. ಹಣ್ಣು ಔಷಧಿಯಲ್ಲ, ಬಳ್ಳಿ ಡಾಕ್ಟರಲ್ಲ ಎಂದು ಅವರು. ಡಾಕ್ಟರಲ್ಲ, ಆದರೆ ಡಾಕ್ಟರ ಮನೆ ತೋರಿಸುವ ನೆಂಟಳು ಎಂದು ನಾನು.

ನನ್ನದು ಈಗ ಒಂಬತ್ತು. ಒಂದು ವರ್ಷದಿಂದ ಒಂಬತ್ತೇ, ಮೇಲೂ ಇಲ್ಲ, ಕೆಳಗೂ ಇಲ್ಲ. ಗಾಯ ಮಾಯ್ದಿದೆ, ಅಕ್ಕಿಯಲ್ಲಿ ಕಲ್ಲು ಕಾಣುತ್ತದೆ.

ಮೊನ್ನೆ ಮಕ್ಕಳ ಹಾಜರಿ ಕೂಗುವ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕೆರೆ ಓಣಿಯ ಕುಂಬಾರರ ಮನೆಯವಳು, ಗಂಗಾಬಾಯಿ ಅಂತೆ, ಮೂವತ್ತು ದಾಟಿರಲಿಕ್ಕಿಲ್ಲ. ಕೈಯಲ್ಲಿ ಇನ್ನೂ ಹಸಿ ಮಣ್ಣಿತ್ತು. ಬಲಗೈ ಮುಷ್ಟಿ ಬಿಗಿ ಹಿಡಿದಿದ್ದಳು. ಅದನ್ನು ಬಿಚ್ಚಿ ತೋರಿಸಿದಳು. ಆರು ದ್ರಾಕ್ಷಿ.

"ನಿನ್ನೆತನಕ ಎಷ್ಟಿತ್ತು?"

"ಇಪ್ಪತ್ತೈದ್ರಿ, ಆಯಿ."

ಒಲೆಯ ಉರಿ ಸಣ್ಣಗೆ ಮಾಡಿದೆ. ಸೌಟನ್ನು ನನ್ನ ಜೊತೆ ಕೆಲಸ ಮಾಡುವವಳ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿಕೊಂಡೆ.

"ಮುಂಜಾನೆಯಿಂದ ಏನರ ತಿಂದೀಯೇನು?"

"ಇಲ್ರಿ. ಗಂಟಲಾಗ ಏನೂ ಇಳೀವಲ್ದು."

"ಛಲೋ ಆತು. ರಕ್ತ ಖಾಲಿ ಹೊಟ್ಟ್ಯಾಗಾ ಕೊಡಬೇಕು. ನಡಿ, ಈಗ ಹೋದ್ರ ಗದ್ದಲಾ ಇರೂದಿಲ್ಲ."

ಅವಳು ಅಂಗೈ ನೋಡಿಕೊಂಡಳು. "ಇವನ್ನ ಏನ್ ಮಾಡ್ಲೀ?"

"ಇಟ್ಕೋ. ಸೂಜಿ ಚುಚ್ಚಿ ಆದಮ್ಯಾಲ ತಿನ್ನುವಂತಿ" ಎಂದು ಅವಳ ಹೆಗಲ ಮೇಲೆ ಕೈ ಹಾಕಿ ಹೊರಟೆ. "ಮತ್ತ ಸಿಪ್ಪಿ ಉಗುಳಬ್ಯಾಡ, ಹೇಳಿರ್ತೀನಿ."